‘ವಯಸ್ಸಾತು’ ಅಂತ ಬಿಟ್ಟುಬಿಡಬ್ಯಾಡ್ರಿ

ಮನ್ಯಾಗಿನ ಹಿರ್ಯಾರು ಸ್ವಲ್ಪ ಮೆತ್ತಗಾದ್ರ ಸಾಕು, ನಮ್ಮ ಬಾಯಾಗ ಮದಲು ಬರೋ ಮಾತು ‘ವಯಸ್ಸಾತಲ್ಲ!’ ಈ ಒಂದು ಮಾತಿನಿಂದ ನಾನು ನಮ್ಮತ್ತಿಯವರನ್ನ ಕಳಕೊಳ್ಳೋಕಿದ್ದೆ. ಅದಕ್ಕ ಬರೀಲಿಕ್ಕತ್ತೇನಿ.

ಹೋದ ಚಳಿಗಾಲದಾಗ 76 ವರ್ಷದ ಅತ್ತಿಯವರು ಹಗಲೆಲ್ಲಾ ಮಲಗಲಿಕ್ಕೆ ಸುರು ಮಾಡಿದ್ರು. ಕೌದಿ ಮ್ಯಾಲೆ ಕೌದಿ ಬೇಡತಿದ್ರು. ದನಿ ಗೊಗ್ಗರಾತು, ಮುಖ ಊದಿತು, ಏನರೆ ಕೇಳಿದ್ರ ಉತ್ತರ ಬರಲಿಕ್ಕೆ ಹೊತ್ತು ಹಿಡೀತಿತ್ತು. ‘ಥಂಡಿ ಅದ, ವಯಸ್ಸೂ ಆಗೇದ’ ಅಂದು ಸುಮ್ಮನಾದೆ. ಥೈರಾಯ್ಡ್ ಗುಳಿಗಿ ಖಾಲಿಯಾಗಿ ಎರಡು ತಿಂಗಳಾಗಿತ್ತು. ಅವರು ‘ಆರಾಮ ಇದ್ದೇನಿ, ಇನ್ಯಾಕ’ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮ್ಯಾಲೆ ಕೆಮ್ಮು ಬಂತು. ಒಂದು ಮುಂಜಾನೆ ಎಬ್ಬಿಸಿದ್ರ ಏಳವಲ್ರು. ಮೈ ತಣ್ಣಗ. ಥರ್ಮಾಮೀಟರಿನ್ಯಾಗ 94 ಡಿಗ್ರಿ.

ಐಸಿಯುದಾಗ ಡಾಕ್ಟ್ರು ತಿಳಿಸಿ ಹೇಳಿದ್ರು. ಥೈರಾಯ್ಡ್ ಹಾರ್ಮೋನು ತೀರಾ ಕಡಿಮಿಯಾದ್ರ ನಾಡಿ, ಉಸಿರು, ಮೆದುಳು ಎಲ್ಲಾ ನಿಧಾನ ಆಗ್ತಾವಂತ. ಇದಕ್ಕ ಮಿಕ್ಸಿಡಿಮಾ ಕೋಮಾ ಅಂತಾರ. ಅಪರೂಪ, ಆದ್ರ ಬಂದ್ರ ಜೀವಕ್ಕ ಅಪಾಯ. ವಯಸ್ಸಾದ ಹೆಣ್ಣುಮಕ್ಕಳಿಗೆ ಹೆಚ್ಚು, ಅದೂ ಚಳಿಗಾಲದಾಗ. ಗುಳಿಗಿ ಬಿಟ್ಟದ್ದು, ನ್ಯುಮೋನಿಯಾದಂಥ ಸೋಂಕು, ನಿದ್ದಿ ಗುಳಿಗಿ, ಇವುಗಳಿಂದ ಒಮ್ಮೆಲೆ ಬಿಗಡಾಯಿಸ್ತದ. ಜ್ವರ ಇಲ್ಲ ಅಂತ ಸೋಂಕಿಲ್ಲ ಅನ್ನಂಗಿಲ್ಲ. ಮೈಗೆ ಕಾವೇರೋ ಶಕ್ತಿನೇ ಇರೂದಿಲ್ಲ.

ಆ ಮುಂಜಾನೆ ನಾನು ಬಿಸಿನೀರಿನ ಚೀಲ ಇಡಲಿಕ್ಕೆ, ಚಹಾ ಕುಡಸಲಿಕ್ಕೆ ಹೊಂಟಿದ್ದೆ. ಎರಡೂ ತಪ್ಪು. ಜೋರು ಕಾಸಿದ್ರ ಬಿಪಿ ಕುಸೀತದ. ಅರೆಎಚ್ಚರದಾಗ ಕುಡಿಸಿದ್ದು ಪುಪ್ಪುಸಕ್ಕ ಇಳೀಬಹುದು. ಬಿಟ್ಟ ಗುಳಿಗಿ ಕೂಡಿಸಿ ನುಂಗಸೂದೂ ಬ್ಯಾಡ. ಹಾರ್ಮೋನನ್ನ ದವಾಖಾನ್ಯಾಗ ನರದಾಗೇ ಕೊಡ್ತಾರ. ನೀವು ಕೌದಿ ಹೊಚ್ಚಿ, 108ಕ್ಕ ಫೋನ್ ಹಚ್ಚಿ, ‘ಥೈರಾಯ್ಡ್ ಅದ, ಗುಳಿಗಿ ಬಿಟ್ಟಾರ’ ಅಂತ ಮದಲ ಮಾತಿಗೇ ಹೇಳ್ರಿ.

ವೈನಿ, ಅಕ್ಕ, ಮಾವಶಿ, ಎಲ್ಲಾರಿಗೂ ನನ್ನ ಮಾತು ಇಷ್ಟೇ. ವಯಸ್ಸು ಅನ್ನೂದು ವರ್ಷಗಟ್ಟಲೆ ಬರ್ತದ. ಎರಡು ವಾರದಾಗ ಮನಿಷ್ಯಾರನ್ನ ಗುರ್ತು ಸಿಗಧಂಗ ಮಾಡಿದ್ರ ಅದು ರೋಗ. ಗುಳಿಗಿ ಡಬ್ಬಿ ಇವತ್ತೇ ತಗದು ನೋಡ್ರಿ. ಟಿಎಸ್ಎಚ್ ತಪಾಸಣಿ ಯಾವಾಗ ಮಾಡಿಸಿದ್ದು ಅಂತ ಕೇಳ್ರಿ.

ನಮ್ಮನ್ಯಾಗ ಈಗ ಮುಂಜಾನೆ ಖಾಲಿ ಹೊಟ್ಟೀಲೆ ಗುಳಿಗಿ ನಾನೇ ಕೊಡ್ತೇನಿ, ಅರ್ಧ ತಾಸಿನ ಮ್ಯಾಲೆ ಚಹಾ. ‘ಚಹಾಕ್ಕ ಕಾಯಸ್ತೀಯಲ್ಲ’ ಅಂತ ಅತ್ತಿಯವರು ದಿನಾ ಬೈತಾರ. ಬೈಲಿ.