ಕ್ರಿಸ್ಮಸ್ ಕಾಲದ ಊರ ಸುದ್ದಿಗೆ ಮೇಯರ್ ಸಹಿ ಬೇಕೆ?

ಡಿಸೆಂಬರ್ ಬಂತೆಂದರೆ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಸಣ್ಣ ಊರುಗಳ ನಿವಾಸಿಗಳಿಗೆ ಮೇಯರ್ ಹೆಸರಿನಲ್ಲಿ ಒಂದು ಪತ್ರ ಇ-ಮೇಲಿನಲ್ಲಿ ಬರುವುದುಂಟು. ಸಿಟಿ ಹಾಲ್ ಯಾವತ್ತಿನಿಂದ ಯಾವತ್ತಿನವರೆಗೆ ಮುಚ್ಚಿರುತ್ತದೆ, ಕಸದ ಗಾಡಿ ಯಾವ ವಾರ ಒಂದು ದಿನ ತಡವಾಗಿ ಬರುತ್ತದೆ, ಬಡ ಮಕ್ಕಳಿಗೆ ಆಟಿಕೆ ಎಲ್ಲಿ ಕೊಡಬೇಕು, ದೀಪ ಹಚ್ಚಿದ ಮರವನ್ನು ಎಲ್ಲಿ ನೋಡಬೇಕು ಎಂಬೆಲ್ಲ ವಿವರಗಳು. ಜೊತೆಗೆ ವರ್ಷದ ಸಾಧನೆಯ ಪಟ್ಟಿ, ಹಬ್ಬದ ಶುಭಾಶಯ, ಕೆಳಗೆ ಸಹಿ, ಪಕ್ಕದಲ್ಲಿ ನಗುಮುಖದ ಫೋಟೊ.

ಕುಪರ್ಟಿನೊ, ಸರಟೋಗ, ಲಾಸ್ ಗ್ಯಾಟೋಸ್‌ನಂಥ ಊರುಗಳಲ್ಲಿ ಮೇಯರನ್ನು ಜನ ನೇರವಾಗಿ ಆರಿಸುವುದಿಲ್ಲ. ಐವರು ಸದಸ್ಯರ ಕೌನ್ಸಿಲ್ ತನ್ನೊಳಗಿನ ಒಬ್ಬರನ್ನು ಒಂದು ವರ್ಷದ ಮಟ್ಟಿಗೆ ಆ ಕುರ್ಚಿಯಲ್ಲಿ ಕೂರಿಸುತ್ತದೆ. ಕುರ್ಚಿ ಕೈ ಬದಲಾಗುವುದು ಸಾಮಾನ್ಯವಾಗಿ ಡಿಸೆಂಬರಿನಲ್ಲೇ. ನಮ್ಮ ಮೈಸೂರು, ಹುಬ್ಬಳ್ಳಿ-ಧಾರವಾಡ ಪಾಲಿಕೆಗಳ ಒಂದು ವರ್ಷದ ಮೇಯರ್‌ಗಿರಿಯನ್ನು ಕಂಡವರಿಗೆ ಇದು ಹೊಸದೇನಲ್ಲ. ಹೀಗಿರುವಾಗ ಹಬ್ಬದ ಕಾಲದ ಊರ ಸುದ್ದಿ ಮೇಯರ್ ಹೆಸರಿನಲ್ಲೇ ಬರಬೇಕೆ, ಅಥವಾ ನಗರದ ಹೆಸರಿನಲ್ಲಿ ಬಂದರೆ ಸಾಕೆ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಆಡಳಿತಕ್ಕೊಂದು ಮುಖ ಇರಲಿ

ಆಡಳಿತ ಜನರ ಹತ್ತಿರ ಬರಬೇಕು ಎಂದು ನಾವೇ ಹೇಳುತ್ತೇವೆ. ಬಂದಾಗ ಏಕೆ ಬಂದೆ ಎಂದು ಗದರುವುದು ಯಾವ ನ್ಯಾಯ?

ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನಲ್ಲಿ ಬದುಕುವವರ ಮೇಲೆ ಎಷ್ಟು ಸಂಸ್ಥೆಗಳ ಅಧಿಕಾರವಿದೆ ನೋಡಿ. ಕಸ ಒಯ್ಯುವುದು ಗುತ್ತಿಗೆ ಹಿಡಿದ ಕಂಪನಿ. ಆರೋಗ್ಯ ಕೌಂಟಿಯದು. ಕರೆಂಟು ಪಿಜಿ ಅಂಡ್ ಇ ಕಂಪನಿಯದು. ತೊರೆ, ಪ್ರವಾಹದ ಉಸ್ತುವಾರಿ ವ್ಯಾಲಿ ವಾಟರ್‌ನದು. ಗಾಳಿಯ ಮೇಲೆ ಕಣ್ಣಿಡಲು ಇಡೀ ಬೇ ಏರಿಯಾಕ್ಕೆ ಒಂದು ಪ್ರತ್ಯೇಕ ಮಂಡಳಿ. ಆ ಮಂಡಳಿ ಚಳಿಗಾಲದಲ್ಲಿ ‘ಸ್ಪೇರ್ ದಿ ಏರ್’ ಎಚ್ಚರಿಕೆ ಹೊರಡಿಸಿದರೆ, ಕ್ರಿಸ್ಮಸ್ ದಿನವೇ ಆಗಿರಲಿ, ಮನೆಯ ಫೈರ್‌ಪ್ಲೇಸಿನಲ್ಲಿ ಕಟ್ಟಿಗೆ ಸುಡುವಂತಿಲ್ಲ. ಹಬ್ಬ ಮುಗಿದ ಮೇಲೆ ಮರವನ್ನು ರಸ್ತೆಬದಿಗೆ ಇಡುವ ಮುನ್ನ ಸ್ಟ್ಯಾಂಡು, ದೀಪದ ಸರ, ಜರಿ ಎಲ್ಲ ಬಿಚ್ಚಬೇಕು. ಕೃತಕ ಹಿಮ ಬಳಿದ ಮರ ಗೊಬ್ಬರಕ್ಕೆ ಬಾರದು. ಇವೆಲ್ಲ ಐದಾರು ಕಡೆ ಚದುರಿ ಬಿದ್ದಿರುವ ಮಾಹಿತಿ. ಹಬ್ಬದ ಗಡಿಬಿಡಿಯಲ್ಲಿ ಇದನ್ನೆಲ್ಲ ಹುಡುಕುತ್ತ ಕೂರುವ ವ್ಯವಧಾನ ಯಾರಿಗಿದೆ? ಊರನ್ನು ಬಲ್ಲ ಒಬ್ಬರು ಅದನ್ನು ಒಂದೇ ಪುಟದಲ್ಲಿ, ಮನೆಮಂದಿಗೆ ಹೇಳುವ ಮಾತಿನಲ್ಲಿ ಹೇಳಿದರೆ ಅದು ಉಪಕಾರವೇ.

ಹೊತ್ತು ಕೆಟ್ಟಾಗ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 2020ರ ಡಿಸೆಂಬರ್ 4ರಂದು ಸಾಂತಾ ಕ್ಲಾರಾ ಸೇರಿ ಬೇ ಏರಿಯಾದ ಐದು ಕೌಂಟಿಗಳೂ ಬರ್ಕ್ಲಿ ನಗರವೂ, ರಾಜ್ಯ ಹೇಳುವವರೆಗೂ ಕಾಯದೆ, ಮನೆಯಲ್ಲೇ ಇರಬೇಕೆಂಬ ಕೋವಿಡ್ ಆದೇಶ ಪ್ರಕಟಿಸಿದವು. ಆದೇಶ ಇದ್ದದ್ದು ಕಾನೂನಿನ ಭಾಷೆಯಲ್ಲಿ. ನಮ್ಮೂರ ಗ್ರಂಥಾಲಯದಲ್ಲಿ ಪುಸ್ತಕ ಸಿಗುತ್ತದೆಯೇ, ಪಾರ್ಕಿಗೆ ಮಕ್ಕಳನ್ನು ಕರೆದೊಯ್ಯಬಹುದೇ, ಮೂಲೆಯ ಹೋಟೆಲಿನಿಂದ ಪಾರ್ಸೆಲ್ ತರಬಹುದೇ ಎಂಬುದು ಜನರ ಪ್ರಶ್ನೆ. 2022ರ ಡಿಸೆಂಬರ್ 31ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದೇ ದಿನ 5.46 ಅಂಗುಲ ಮಳೆ ಸುರಿಯಿತು. ಹಲವು ಊರುಗಳಲ್ಲಿ ಸಿಟಿ ಹಾಲಿನ ಬಾಗಿಲು ಹಾಕಿರುವ ವಾರ ಅದು. ಅಂಥ ಹೊತ್ತಿನಲ್ಲಿ ಮರಳುಚೀಲ ಎಲ್ಲಿ ಸಿಗುತ್ತದೆ, ಯಾವ ರಸ್ತೆ ಮುಚ್ಚಿದೆ ಎಂದು ಪರಿಚಿತ ಹೆಸರಿನವರು ಹೇಳಿದರೆ ಜನ ಓದುತ್ತಾರೆ. ವಿಳಾಸವಿಲ್ಲದ ಪ್ರಕಟಣೆಯನ್ನು ಇನ್‌ಬಾಕ್ಸಿನಿಂದ ಅಳಿಸಿ ಹಾಕುತ್ತಾರೆ.

ಇನ್ನೊಂದು ಕಾರಣ ನಮ್ಮವರಿಗೆ ನೇರವಾಗಿ ತಟ್ಟುವಂಥದ್ದು. ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಅನೇಕರು ಎಚ್-1ಬಿ ವೀಸಾದಲ್ಲಿದ್ದಾರೆ, ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿದ್ದಾರೆ. ತೆರಿಗೆ ಕಟ್ಟುತ್ತಾರೆ, ಮಕ್ಕಳನ್ನು ಇಲ್ಲಿನ ಶಾಲೆಗೆ ಕಳಿಸುತ್ತಾರೆ, ಆದರೆ ಮತ ಹಾಕುವಂತಿಲ್ಲ. ಚುನಾವಣೆಗೆ ನಿಂತವರು ಮತದಾರರ ಪಟ್ಟಿ ಹಿಡಿದು ಬರುತ್ತಾರೆ, ಪಟ್ಟಿಯಲ್ಲಿ ಹೆಸರಿಲ್ಲದ ಮನೆಯ ಬಾಗಿಲು ತಟ್ಟುವುದಿಲ್ಲ. ಮೇಯರ್ ಪತ್ರಕ್ಕೆ ಆ ಪಟ್ಟಿಯ ಹಂಗಿಲ್ಲ. ನೀವೂ ಈ ಊರಿನವರೇ ಎಂದು ಚುನಾಯಿತರೊಬ್ಬರು ಅವರಿಗೆ ಹೇಳುವುದು ವರ್ಷಕ್ಕೆ ಒಮ್ಮೆಯಾದರೂ ಆಗಲಿ.

ಕ್ರಿಸ್ಮಸ್ ಶುಭಾಶಯದಲ್ಲಿ ಧರ್ಮ ಹುಡುಕುವವರಿಗೆ ಒಂದು ಮಾತು. ಅಮೆರಿಕದಲ್ಲಿ ಕ್ರಿಸ್ಮಸ್ 1870ರಿಂದ ಸರ್ಕಾರಿ ರಜೆ. ಹಾಗೆಂದು ಅದೊಂದೇ ಹಬ್ಬ ಇಲ್ಲಿ ಉಳಿದಿಲ್ಲ. ಭಾರತೀಯ ಮೂಲದ ಸವಿತಾ ವೈದ್ಯನಾಥನ್ 2016ರ ಡಿಸೆಂಬರಿನಲ್ಲಿ ಕುಪರ್ಟಿನೊ ಮೇಯರ್ ಆದರು. ಅದೇ ಊರಿನ ಮೆಮೋರಿಯಲ್ ಪಾರ್ಕಿನಲ್ಲಿ ದೀಪಾವಳಿ ಮೇಳ ನಡೆಯುತ್ತದೆ. 2025ರ ಅಕ್ಟೋಬರಿನಲ್ಲಿ ದೀಪಾವಳಿಯನ್ನು ರಾಜ್ಯದ ರಜಾಪಟ್ಟಿಗೆ ಸೇರಿಸುವ ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು. ಒಂದು ಹಬ್ಬಕ್ಕೆ ಶುಭಾಶಯ ಹೇಳಿದ್ದು ಹೆಚ್ಚಾಯಿತು ಎನಿಸಿದರೆ ಉಳಿದ ಹಬ್ಬಗಳಿಗೂ ಹೇಳಲಿ. ಇರುವುದನ್ನೂ ನಿಲ್ಲಿಸುವುದೇಕೆ?

ಇನ್ನು ದುರುಪಯೋಗದ ಭಯ. 1988ರಲ್ಲಿ ಮತದಾರರೇ ಒಪ್ಪಿದ 73ನೇ ಪ್ರಸ್ತಾವದಿಂದ, ಚುನಾಯಿತರನ್ನು ಮೆರೆಸುವ ಕಾಗದಪತ್ರವನ್ನು ಸಾರ್ವಜನಿಕ ಹಣದಲ್ಲಿ ಮನೆಮನೆಗೆ ಅಂಚೆ ಮಾಡುವುದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ತಡೆ ಬಿದ್ದಿದೆ. ಉಳಿದಿರುವುದು ಖರ್ಚಿಲ್ಲದ ಇ-ಮೇಲ್. ಅದನ್ನೂ ಕಿತ್ತುಕೊಂಡರೆ ಜವಾಬ್ದಾರಿ ಹೊರುವ ಹೆಸರೇ ಇರುವುದಿಲ್ಲ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಮೇಯರೇ ಇರಲಿಲ್ಲ. ರಸ್ತೆಗುಂಡಿಗೆ ಯಾರನ್ನು ಕೇಳಬೇಕೆಂದು ತಿಳಿಯದೆ ಒದ್ದಾಡಿದವರಿಗೆ, ಪತ್ರದ ಕೆಳಗಿನ ಒಂದು ಸಹಿ ಎಷ್ಟು ದೊಡ್ಡದೆಂದು ವಿವರಿಸಬೇಕಿಲ್ಲ.

ವಿರೋಧ: ಸುದ್ದಿ ಊರಿನದು, ಸಹಿ ಒಬ್ಬರದೇಕೆ?

ಕಸದ ಗಾಡಿ ಬರುವ ದಿನ ತಿಳಿಸಬೇಡಿ ಎಂದು ಯಾರೂ ಹೇಳುತ್ತಿಲ್ಲ. ತಕರಾರು ಇರುವುದು ಅದರ ಕೆಳಗಿನ ಸಹಿ ಮತ್ತು ಫೋಟೊದ ಬಗ್ಗೆ.

ಈ ಊರುಗಳಲ್ಲಿ ದಿನನಿತ್ಯದ ಆಡಳಿತ ನಡೆಸುವುದು ಕೌನ್ಸಿಲ್ ನೇಮಿಸಿದ ಸಿಟಿ ಮ್ಯಾನೇಜರ್ ಮತ್ತು ಅವರ ಸಿಬ್ಬಂದಿ. ಮೇಯರ್ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ, ಮತಕ್ಕೆ ಹಾಕಿದಾಗ ಐವರಲ್ಲಿ ಅವರದೂ ಒಂದೇ ಮತ. ಐದಾರು ಸಂಸ್ಥೆಗಳ ಮಾಹಿತಿಯನ್ನು ಒಟ್ಟುಗೂಡಿಸುವುದು ಸಂಬಳದ ನೌಕರರು, ಹೆಸರು ಬರುವುದು ಆ ವರ್ಷ ಕುರ್ಚಿಯಲ್ಲಿ ಕೂತವರಿಗೆ. ಯಾರೋ ಅಟ್ಟ ಅಡುಗೆಗೆ ಬಡಿಸಿದವರು ಹೆಸರು ತೆಗೆದುಕೊಂಡಂತೆ. ಕುಪರ್ಟಿನೊಗೆ ‘ಕುಪರ್ಟಿನೊ ಸೀನ್’ ಎಂಬ ತನ್ನದೇ ಸುದ್ದಿಪತ್ರ ಇದೆ. ನಗರದ ಹೆಸರಿನಲ್ಲಿ ಹೇಳಲು ದಾರಿ ಇರುವಾಗ ವ್ಯಕ್ತಿಯ ಹೆಸರಿನಲ್ಲಿ ಇನ್ನೊಂದು ದಾರಿ ತೆರೆಯುವುದು ಯಾರ ಅನುಕೂಲಕ್ಕೆ?

ಅಂಥ ಪತ್ರ ಬರೀ ರಜೆಯ ಪಟ್ಟಿ ಕೊಟ್ಟು ನಿಲ್ಲುವುದಿಲ್ಲ. ಈ ವರ್ಷ ನಾವು ಸಾಧಿಸಿದ್ದು ಎಂಬ ಭಾಗ ಅದರಲ್ಲಿ ಇದ್ದೇ ಇರುತ್ತದೆ. ನಾವು ಎಂದರೆ ಯಾರು? ಕುಪರ್ಟಿನೊದ ಹಳೆಯ ವ್ಯಾಲ್ಕೊ ಮಾಲ್ ಜಾಗದಲ್ಲಿ ಏನು ಕಟ್ಟಬೇಕೆಂಬ ಜಗಳದಲ್ಲಿ ಊರು ವರ್ಷಗಟ್ಟಲೆ ಎರಡು ಹೋಳಾಗಿತ್ತು. 2016ರ ನವೆಂಬರಿನಲ್ಲಿ ಇದೇ ವಿಚಾರದ ಎರಡು ಎದುರುಬದುರು ಪ್ರಸ್ತಾವಗಳು ಮತಕ್ಕೆ ಬಂದವು, ಜನ ಎರಡನ್ನೂ ತಿರಸ್ಕರಿಸಿದರು. ಅಂಥ ಊರಿನಲ್ಲಿ ಡಿಸೆಂಬರಿನಲ್ಲಿ ಒಬ್ಬರು ಬರೆಯುವ ವರ್ಷದ ಕತೆ ಇಡೀ ಊರಿನ ಕತೆ ಆಗಲಾರದು. ಬಹುಮತದ ಬಣದ ಕತೆಯಾದೀತು, ಅದೂ ಹಬ್ಬದ ಶುಭಾಶಯದ ಹೊದಿಕೆಯಲ್ಲಿ. ಹಬ್ಬದ ದಿನ ಬಂದ ಪತ್ರಕ್ಕೆ ಮರುವಾದ ಹೂಡುವುದು ಯಾರಿಗೂ ಚೆಂದ ಕಾಣುವುದಿಲ್ಲ. ಬರೆಯುವವರಿಗೆ ಅದು ಚೆನ್ನಾಗಿಯೇ ಗೊತ್ತು.

1988ರ ಕಾನೂನನ್ನು ಎದುರುಪಕ್ಷದವರು ಸಮರ್ಥನೆಗೆ ತಂದಿದ್ದಾರೆ. ಆ ಕಾನೂನು ಬಂದದ್ದೇ ಜನರ ದುಡ್ಡಿನಲ್ಲಿ ಸ್ವಂತ ಪ್ರಚಾರ ಕೂಡದೆಂದು. ಒಂದೇ ಬಗೆಯ 200ಕ್ಕಿಂತ ಹೆಚ್ಚು ಪ್ರತಿಗಳನ್ನು ಅಂಚೆಗೆ ಹಾಕಿದರೆ ಅದು ಕಟ್ಟುತ್ತದೆ, ಇ-ಮೇಲನ್ನು ಮುಟ್ಟುವುದಿಲ್ಲ. ಕಾಗದದಲ್ಲಿ ತಪ್ಪಾದದ್ದು ತೆರೆಯ ಮೇಲೆ ಹೇಗೆ ಸರಿಯಾಯಿತು? ಭಾರತದ ಸುಪ್ರೀಂ ಕೋರ್ಟೂ 2015ರ ಮೇ ತಿಂಗಳಲ್ಲಿ ಸರ್ಕಾರಿ ಜಾಹೀರಾತುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಚಿತ್ರ ಬೇಡ ಎಂದಿತ್ತು. ಮರುವರ್ಷವೇ ರಾಜ್ಯಪಾಲರು, ಮುಖ್ಯಮಂತ್ರಿಗಳು, ಸಚಿವರಿಗೂ ಬಾಗಿಲು ತೆರೆಯಿತು. ಮೊದಲು ಒಂದು ಮುಖ, ಆಮೇಲೆ ಇನ್ನೊಂದು. ಗಣೇಶ ಚೌತಿಯಿಂದ ಹೊಸ ವರ್ಷದವರೆಗೆ ಪ್ರತಿ ವೃತ್ತದಲ್ಲೂ ಶುಭ ಕೋರುವ ಫ್ಲೆಕ್ಸ್‌ಗಳನ್ನು ನೋಡಿ ಬೇಸತ್ತು ಬಂದವರು ನಾವು. ಬೆಂಗಳೂರಿನಲ್ಲಿ ಅವನ್ನು ಇಳಿಸಲು 2018ರಲ್ಲಿ ಹೈಕೋರ್ಟೇ ಕಟ್ಟಪ್ಪಣೆ ಮಾಡಬೇಕಾಯಿತು. ಅದೇ ಚಟವನ್ನು ಇಲ್ಲಿ ಆತ್ಮೀಯತೆ ಎಂದು ಕರೆದು ಬರಮಾಡಿಕೊಳ್ಳುವುದೇ?

ಕೋವಿಡ್ ಕಾಲದ ಉದಾಹರಣೆಯೂ ತಿರುಗಿ ಬೀಳುತ್ತದೆ. 2020ರ ಥ್ಯಾಂಕ್ಸ್‌ಗಿವಿಂಗ್‌ಗೆ ದೊಡ್ಡ ಕೂಟ ಬೇಡ ಎಂದು ಜನರಿಗೆ ಹೇಳಿದ್ದ ಸ್ಯಾನ್ ಹೊಸೆಯ ಅಂದಿನ ಮೇಯರ್ ಸ್ಯಾಮ್ ಲಿಕಾರ್ಡೊ, ಅದೇ ಹಬ್ಬದಂದು ಹೆತ್ತವರ ಮನೆಯಲ್ಲಿ ಐದು ಮನೆಗಳವರು ಸೇರಿದ್ದ ಊಟದಲ್ಲಿ ಪಾಲ್ಗೊಂಡರು. ರಾಜ್ಯದ ನಿಯಮ ಮೂರು ಮನೆಗಳಿಗಿಂತ ಹೆಚ್ಚು ಜನ ಕೂಡಬಾರದೆಂದಿತ್ತು. ಅವರು ಕ್ಷಮೆ ಕೇಳಿದರು, ಆದರೆ ಆಗಬೇಕಾದ ಹಾನಿ ಆಗಿಹೋಗಿತ್ತು. ಎಚ್ಚರಿಕೆಯನ್ನು ಒಬ್ಬರ ಮುಖಕ್ಕೆ ಅಂಟಿಸಿದರೆ ಆ ಮುಖ ಕಪ್ಪಾದ ದಿನ ಎಚ್ಚರಿಕೆಯೂ ಕಳೆಗುಂದುತ್ತದೆ. ಇನ್ನು ಪ್ರವಾಹದ ಮಾತು. ಮಳೆ ಸುರಿಯುವಾಗ ಸಾಂತಾ ಕ್ಲಾರಾ ಕೌಂಟಿಯವರು ನಂಬಬೇಕಾದದ್ದು ಅಲರ್ಟ್‌ಎಸ್‌ಸಿಸಿ ಎಂಬ ತುರ್ತು ಸಂದೇಶ ವ್ಯವಸ್ಥೆಯನ್ನು. ಪ್ರವಾಹ ಏರುತ್ತಿರುವಾಗ ಮೇಯರ್ ಪತ್ರಕ್ಕೆ ಕಾಯುವವರು ಯಾರು?

ಹಬ್ಬದ ವಿಚಾರಕ್ಕೆ ಬರೋಣ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಿಟ್ಸ್‌ಬರ್ಗಿನ ಒಂದು ಪ್ರಕರಣದಲ್ಲಿ, ಕೋರ್ಟ್‌ಹೌಸಿನ ಒಳಗೆ ಒಂಟಿಯಾಗಿ ಇಟ್ಟ ಯೇಸು ಜನನದ ಗೋದಲಿ ಸಂವಿಧಾನಬಾಹಿರ, ಇನ್ನೊಂದು ಸರ್ಕಾರಿ ಕಟ್ಟಡದ ಮುಂದೆ ಕ್ರಿಸ್ಮಸ್ ಮರದ ಜೊತೆಗಿದ್ದ ಯಹೂದಿ ಮೆನೋರಾ ದೀಪ ಸರಿ ಎಂದಿತು. ನ್ಯಾಯಾಧೀಶರಿಗೇ ಇಷ್ಟು ನಾಜೂಕಾದ ಗೆರೆಯನ್ನು ವರ್ಷಕ್ಕೊಬ್ಬರಂತೆ ಬದಲಾಗುವ ಮೇಯರುಗಳ ಅಭಿರುಚಿಗೆ ಬಿಡಬಾರದು. ಎಲ್ಲ ಹಬ್ಬಕ್ಕೂ ಹೇಳಲಿ ಎಂಬುದು ಕೇಳಲು ಹಿತ. ಹನುಕ್ಕಾ, ಕ್ವಾನ್ಜಾ, ಚಾಂದ್ರಮಾನ ಹೊಸ ವರ್ಷ, ಈದ್, ದೀಪಾವಳಿ ಎಂದು ಪಟ್ಟಿ ಉದ್ದವಾದಷ್ಟೂ ಬಿಟ್ಟುಹೋದವರ ನೋವು ಹೆಚ್ಚು. ದೀಪಾವಳಿ ರಜಾಪಟ್ಟಿ ಸೇರಿದ್ದು ಶಾಸಕರು ಮಸೂದೆ ತಂದು, ಚರ್ಚೆ ನಡೆದು, ಮತ ಬಿದ್ದ ಮೇಲೆ. ಹಾಗೆ ದಕ್ಕಿದ್ದು ಹಕ್ಕಾಗಿ ಉಳಿಯುತ್ತದೆ. ಮೇಯರ್ ಪತ್ರದ ಒಂದು ಸಾಲು ಮುಂದಿನ ಮೇಯರ್ ಬಂದಾಗ ಮಾಯವಾಗಬಹುದು.

ಸ್ವಂತ ಶುಭಾಶಯವನ್ನು ಸ್ವಂತ ಖಾತೆಯಿಂದ ಕಳಿಸಲು ಯಾರ ಅಡ್ಡಿಯೂ ಇಲ್ಲ. ಅಲ್ಲೂ ಗೆರೆ ಸ್ಪಷ್ಟವಿರಬೇಕು. ಮಿಷಿಗನ್ನಿನ ಪೋರ್ಟ್ ಹ್ಯೂರಾನ್ ಊರಿನ ಸಿಟಿ ಮ್ಯಾನೇಜರ್ ತನ್ನ ಫೇಸ್‌ಬುಕ್ ಪುಟದಲ್ಲಿ ಮನೆಯ ವಿಚಾರವನ್ನೂ ನಗರದ ವಿಚಾರವನ್ನೂ ಬೆರೆಸಿ, ಟೀಕಿಸಿದವನನ್ನು ಬ್ಲಾಕ್ ಮಾಡಿದ ಪ್ರಕರಣ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ನಿಜಕ್ಕೂ ಇದ್ದು, ಅದನ್ನೇ ಚಲಾಯಿಸುತ್ತಿರುವಂತೆ ಬರೆದಿದ್ದರೆ ಮಾತ್ರ ಅದು ಸರ್ಕಾರದ ನಡೆ ಎಂದು ಕೋರ್ಟ್ ಹೇಳಿತು. ಆದ್ದರಿಂದ ನಗರದ್ದನ್ನು ನಗರವೇ ಹೇಳಲಿ, ಮನೆಯದ್ದನ್ನು ಮೇಯರ್ ತಮ್ಮ ಮನೆಯಿಂದ ಹೇಳಲಿ.

ತೀರ್ಪು

ಪರ ವಾದದ ಬಲ ಇರುವುದು ಪತ್ರದ ಹೂರಣದಲ್ಲಿ. ಚದುರಿದ ಮಾಹಿತಿ ಒಂದೆಡೆ, ತಿಳಿಯಾದ ಮಾತಿನಲ್ಲಿ, ಮತವಿಲ್ಲದವರಿಗೂ ತಲುಪಬೇಕು. ವಿರೋಧದ ಬಲ ಇರುವುದು ಸಹಿಯ ಪ್ರಶ್ನೆಯಲ್ಲಿ. ಎರಡನ್ನೂ ಉಳಿಸಿಕೊಳ್ಳುವ ದಾರಿ ಆ 1988ರ ಕಾನೂನಿಗೆ ಸಂಬಂಧಿಸಿದ ನಿಯಮಗಳಲ್ಲೇ ಇದೆ. ಕೌನ್ಸಿಲಿನ ಎಲ್ಲ ಸದಸ್ಯರ ಹೆಸರುಗಳು ಲೆಟರ್‌ಹೆಡ್‌ನಲ್ಲಿ ಒಂದೇ ಗಾತ್ರದ ಅಕ್ಷರದಲ್ಲಿ ಇದ್ದರೆ ಅದು ಅಂಚೆಗೂ ಒಪ್ಪಿತ. ಇ-ಮೇಲಿಗೂ ಅದೇ ಮರ್ಯಾದೆ ಇರಲಿ: ನಗರದ ಹೆಸರು, ಐವರ ಹೆಸರು, ಫೋಟೊ ಬೇಡ.

ಇದು ಸರಿ ಎನಿಸಿದರೂ ತಪ್ಪು ಎನಿಸಿದರೂ ನಿಮ್ಮೂರಿನ ಕೌನ್ಸಿಲ್ ಸಭೆಗೆ ಹೋಗಿ ಹೇಳಿ. 1953ರ ಬ್ರೌನ್ ಕಾಯ್ದೆಯ ಪ್ರಕಾರ ಸಭೆ ಎಲ್ಲರಿಗೂ ತೆರೆದದ್ದು, ಮಾಮೂಲು ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಬೇಕು. ಸಾರ್ವಜನಿಕರಿಗೆ ಮೀಸಲಾದ ಎರಡು-ಮೂರು ನಿಮಿಷಗಳಲ್ಲಿ ಮಾತಾಡಲು ಅಮೆರಿಕದ ಪೌರತ್ವ ಬೇಕಿಲ್ಲ.