ಯಾವ ಲ್ಯಾಪ್‌ಟಾಪ್? ಮೊದಲು ಯಾಕೆ ಅಂತ ಹೇಳಿ

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು: ‘ನಿನ್ನ ತಂಗಿಗೂ ಕಾಲೇಜಿಗೆ ಲ್ಯಾಪ್‌ಟಾಪ್ ಬೇಕಂತೆ ಕಣಪ್ಪ. ನಿಂದು ಇದೆಯಲ್ಲ, ಅದೇ ತರದ್ದು ತಗೊಂಡ್ರೆ ಆಗುತ್ತಾ?’ ಬಾಯಿಗಿಟ್ಟ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ನನ್ನ ಲ್ಯಾಪ್‌ಟಾಪ್ ವಿಷಯದಲ್ಲಿ ನಾನು ಅಪ್ಪನಿಗೆ ಸುಳ್ಳು ಹೇಳಿದ್ದೆ.

ಎರಡು ವರ್ಷದ ಹಿಂದೆ, ಬಿಇ ಮೊದಲ ಸೆಮಿಸ್ಟರ್ ಶುರುವಾಗುವ ಮುಂಚೆಯೇ, 78 ಸಾವಿರ ರೂಪಾಯಿಯ ಗೇಮಿಂಗ್ ಲ್ಯಾಪ್‌ಟಾಪ್ ಕೊಂಡೆ. ‘ಎಂಜಿನಿಯರಿಂಗ್‌ಗೆ ಇಂಥದ್ದೇ ಬೇಕು’ ಅಂತ ಮನೆಯಲ್ಲಿ ಹೇಳಿದ್ದೆ. ಬೆಲೆ ಏರಲಿ ಎಂದು ಅಟ್ಟದ ಮೇಲೆ ಇಟ್ಟುಕೊಂಡಿದ್ದ ಕೊಬ್ಬರಿಯನ್ನು ಅಪ್ಪ ಕಾಯದೆ ತಿಪಟೂರಿನ ಮಾರುಕಟ್ಟೆಗೆ ಹಾಕಿದರು. ನಿಜ ಹೇಳಬೇಕೆಂದರೆ ಎಂಜಿನಿಯರಿಂಗ್‌ಗೆ ಏನು ಬೇಕು ಎನ್ನುವುದು ನನಗೇ ಗೊತ್ತಿರಲಿಲ್ಲ. ಕೀಬೋರ್ಡಿನ ಕೆಳಗಿನಿಂದ ಬರುವ ಬಣ್ಣದ ಬೆಳಕು ಇಷ್ಟವಾಗಿತ್ತು, ಗೇಮ್ ಆಡುವ ಆಸೆಯೂ ಇತ್ತು. ಅಷ್ಟೇ.

ಮೊದಲ ವರ್ಷ ಅದರಲ್ಲಿ ಮಾಡಿದ್ದೇನು? ಸಿ ಪ್ರೋಗ್ರಾಂ ಬರೆದೆ, ಪಿಡಿಎಫ್ ಓದಿದೆ, ಸೆಮಿನಾರ್‌ಗೆ ಪಿಪಿಟಿ ಮಾಡಿದೆ, ಸಿನಿಮಾ ನೋಡಿದೆ. ಅರ್ಧ ಬೆಲೆಯ ಲ್ಯಾಪ್‌ಟಾಪ್‌ನಲ್ಲೂ ಇಷ್ಟೂ ಆಗುತ್ತಿತ್ತು. ನನ್ನದರ ತೂಕ ಎರಡೂವರೆ ಕೆ.ಜಿ., ಇಟ್ಟಿಗೆಯಂಥ ಚಾರ್ಜರ್ ಬೇರೆ. ಬ್ಯಾಟರಿ ಎರಡು ಗಂಟೆ ಬಂದರೆ ಹೆಚ್ಚು. ನಮ್ಮ ಕ್ಲಾಸಿನಲ್ಲಿ 60 ಜನಕ್ಕೆ ಕೆಲಸ ಮಾಡುವ ಪ್ಲಗ್ ಪಾಯಿಂಟ್ ಎರಡೇ. ಹಾಗಾಗಿ ಅದು ಹಾಸ್ಟೆಲ್ ಮೇಜು ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಒಂದು ಬ್ಯಾಕ್‌ಲಾಗ್ ಬಂದ ಮೇಲೆ ಗೇಮ್ ಆಡುವುದೂ ನಿಂತಿತು.

ನನ್ನಂಥವರು ಹಾಸ್ಟೆಲ್‌ನಲ್ಲಿ ಇನ್ನೂ ಇದ್ದಾರೆ. ನಾವೆಲ್ಲ ಮಾಡುವ ತಪ್ಪು ಒಂದೇ. ‘ಯಾವ ಲ್ಯಾಪ್‌ಟಾಪ್ ಚೆನ್ನಾಗಿದೆ?’ ಎಂದು ಹತ್ತು ಜನರನ್ನು ಕೇಳುತ್ತೇವೆ. ‘ನನಗೆ ಇದರಿಂದ ಏನು ಕೆಲಸ ಆಗಬೇಕು?’ ಎಂದು ನಮ್ಮನ್ನು ನಾವು ಕೇಳಿಕೊಳ್ಳುವುದಿಲ್ಲ.

ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನನ್ನ ರೂಮ್‌ಮೇಟ್ ನಿಜವಾಗಿಯೂ ಗೇಮ್ ಆಡುವವನು. ಅವನು ಕೊಳ್ಳುವ ಮೊದಲು ಗ್ರಾಫಿಕ್ಸ್ ಕಾರ್ಡಿನ ಹೆಸರು ನೋಡಿ ಸುಮ್ಮನಾಗಲಿಲ್ಲ, ಅದಕ್ಕೆ ಎಷ್ಟು ವ್ಯಾಟ್ ವಿದ್ಯುತ್ ಸಿಗುತ್ತದೆ ಎಂದೂ ನೋಡಿದ. ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡ್ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಬೇರೆ ಬೇರೆ ಮಾಡೆಲ್‌ಗಳಲ್ಲಿ ಬೇರೆ ಬೇರೆ ಮಟ್ಟದಲ್ಲಿ ಓಡುತ್ತದೆ. ವ್ಯಾಟ್ ಕಡಿಮೆಯಾದಷ್ಟೂ ಗೇಮ್ ನಿಧಾನ. ತನಗೆ ಏನು ಬೇಕು ಎಂದು ಗೊತ್ತಿದ್ದವನಿಗೆ ಅವನ ದುಡ್ಡಿಗೆ ತಕ್ಕದ್ದು ಸಿಕ್ಕಿತು.

ಇನ್ನೊಬ್ಬ ಗೆಳೆಯ ಮದುವೆ ವಿಡಿಯೊ ಎಡಿಟ್ ಮಾಡಿ ತನ್ನ ಮೆಸ್ ಬಿಲ್ ತಾನೇ ಕಟ್ಟುತ್ತಾನೆ. ಅವನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಚೆನ್ನಾಗಿತ್ತು, ಸ್ಕ್ರೀನ್ ಮಾತ್ರ 45 ಪರ್ಸೆಂಟ್ ಎನ್‌ಟಿಎಸ್‌ಸಿ. ಅಂದರೆ ಬಣ್ಣಗಳೆಲ್ಲ ಪೇಲವ. ಧಾರೆ ಸೀರೆ ಮಂಕಾಗಿ ಕಾಣುತ್ತಿದೆ ಎಂದು ಬಣ್ಣ ಏರಿಸಿದ. ಮದುವೆ ಮನೆಯವರು ಟಿವಿಗೆ ಹಾಕಿ ನೋಡಿದರೆ ಮದುಮಗಳ ಮುಖವೂ ಕುಂಕುಮದ ಬಣ್ಣ! ಅಷ್ಟೂ ಕೆಲಸ ಮತ್ತೆ ಮಾಡಿಕೊಟ್ಟ. ಫೋಟೊ, ವಿಡಿಯೊ, ಡಿಸೈನ್ ಮಾಡುವವರು ಪ್ರೊಸೆಸರ್ ಜೊತೆಗೆ ಸ್ಕ್ರೀನ್ 100 ಪರ್ಸೆಂಟ್ ಎಸ್‌ಆರ್‌ಜಿಬಿ ಇದೆಯೇ ಎಂದು ನೋಡಲೇಬೇಕು.

ಎಂಜಿನಿಯರಿಂಗ್‌ನವರ ಪಾಡು ಬ್ರ್ಯಾಂಚ್‌ಗೆ ತಕ್ಕ ಹಾಗೆ. ಸಿವಿಲ್‌ನವರ ಇಟ್ಯಾಬ್ಸ್, ಮೆಕ್ಯಾನಿಕಲ್‌ನವರ ಸಾಲಿಡ್‌ವರ್ಕ್ಸ್ ಇವೆಲ್ಲ ವಿಂಡೋಸ್‌ಗಾಗಿ ಮಾಡಿದವು. ಮ್ಯಾಕ್‌ಬುಕ್ ಎಷ್ಟೇ ಒಳ್ಳೆಯದಿದ್ದರೂ ಅದನ್ನು ಕೊಂಡವರು ಇವುಗಳಿಗಾಗಿ ಲ್ಯಾಬ್‌ಗೆ ಹೋಗಬೇಕಾಗುತ್ತದೆ. ಕೋಡಿಂಗ್ ಕಲಿಯುವವರಿಗೆ ಗ್ರಾಫಿಕ್ಸ್ ಕಾರ್ಡ್‌ಗಿಂತ 16 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಮುಖ್ಯ. ಮಷೀನ್ ಲರ್ನಿಂಗ್ ಕಲಿಯಲು ಶುರು ಮಾಡುವವರಿಗೆ ಗೂಗಲ್ ಕೊಲ್ಯಾಬ್ ಉಚಿತವಾಗಿಯೇ ಸಿಗುತ್ತದೆ, ಬ್ರೌಸರ್ ಇದ್ದರಾಯಿತು.

ಸ್ಟಿಕ್ಕರ್ ನಂಬಿ ಮೋಸಹೋಗುವುದು ಇನ್ನೊಂದು ಕಥೆ. ‘ಐ7 ಅಂದ್ರೆ ಟಾಪ್ ಸರ್’ ಎಂದು ಅಂಗಡಿಯವರು ಹೇಳುತ್ತಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಐ7-7500ಯು ಪ್ರೊಸೆಸರ್‌ನಲ್ಲಿ ಇರುವುದು ಎರಡೇ ಕೋರ್. ವಿಂಡೋಸ್ 11ರ ಪಟ್ಟಿಯಲ್ಲೂ ಅದು ಇಲ್ಲ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅದಕ್ಕಿಂತ ಎಷ್ಟೋ ವರ್ಷ ಆಮೇಲೆ ಬಂದ ಐ3-1215ಯು ಎಂಬ ‘ಸಣ್ಣ’ ಪ್ರೊಸೆಸರ್‌ನಲ್ಲಿ ಆರು ಕೋರ್ ಇವೆ. ಎಎಂಡಿಯಲ್ಲೂ ಹೀಗೆಯೇ. ರೈಜೆನ್ 5 ಎಂದು ಎರಡರ ಮೇಲೂ ಬರೆದಿರುತ್ತದೆ. ಆದರೆ 7520ಯು ಆದರೆ ನಾಲ್ಕು ಕೋರ್, 7530ಯು ಆದರೆ ಆರು. ಹಾಗಾಗಿ ಐ3, ಐ5, ಐ7 ಅಷ್ಟನ್ನೇ ನೋಡಬೇಡಿ, ಮುಂದಿನ ಅಂಕಿಗಳನ್ನೂ ಓದಿ. ಕೊನೆಯಲ್ಲಿ ಯು ಇದ್ದರೆ ಕಡಿಮೆ ವಿದ್ಯುತ್ ಬಳಸುವಂಥದ್ದು, ಎಚ್ ಇದ್ದರೆ ಹೆಚ್ಚು ಶಕ್ತಿಯ ಜೊತೆಗೆ ಹೆಚ್ಚು ಬಿಸಿಯಾಗುವಂಥದ್ದು.

‘ನಾಲ್ಕು ವರ್ಷಕ್ಕೆ ಒಂದೇ ಸಲ ಕೊಳ್ಳುವುದು, ದೊಡ್ಡದೇ ಇರಲಿ ಬಿಡು’ ಎನ್ನುವವರಿದ್ದಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಈ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನನ್ನ ಗ್ರಾಫಿಕ್ಸ್ ಕಾರ್ಡ್ ಉಪಯೋಗಕ್ಕೆ ಬಂದದ್ದೂ ನಿಜ. ಆದರೆ ಅಷ್ಟರಲ್ಲಿ ವಾರಂಟಿ ಮುಗಿದಿತ್ತು, ಬ್ಯಾಟರಿ ಮುಕ್ಕಾಲು ಗಂಟೆಗೆ ಇಳಿದಿತ್ತು. ಬೇಕಾಗುವ ಹೊತ್ತಿಗೆ ಹಳೆಯದಾಗುವ ವಸ್ತುವನ್ನು ಎರಡು ವರ್ಷ ಮೊದಲೇ ಕೊಳ್ಳುವುದು ಉಳಿತಾಯ ಹೇಗಾದೀತು? ಅದರ ಬದಲು ರ್‍ಯಾಮ್ ಮತ್ತು ಎಸ್‌ಎಸ್‌ಡಿಗೆ ಖಾಲಿ ಸ್ಲಾಟ್ ಇರುವುದನ್ನು ತೆಗೆದುಕೊಂಡರೆ ಬೇಕಾದಾಗ ಹಾಕಿಸಿಕೊಳ್ಳಬಹುದು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದಾದರೆ ಕೊಳ್ಳುವಾಗಲೇ 16 ಜಿಬಿ ಇರುವುದನ್ನು ಆರಿಸಿಕೊಳ್ಳಬೇಕು.

ಕಾಲೇಜುಗಳಿಗೂ ಒಂದು ಮಾತು ಹೇಳಬೇಕು. ಅಡ್ಮಿಷನ್ ದಿನ ಫೀಸಿನ ಪಟ್ಟಿ ಕೊಡುತ್ತೀರಿ, ಯೂನಿಫಾರ್ಮ್ ಬಣ್ಣ ಹೇಳುತ್ತೀರಿ. ಯಾವ ಬ್ರ್ಯಾಂಚ್‌ಗೆ ಯಾವ ಸೆಮಿಸ್ಟರ್‌ನಲ್ಲಿ ಯಾವ ಸಾಫ್ಟ್‌ವೇರ್ ಬೇಕು, ಅದಕ್ಕೆ ಎಂಥ ಲ್ಯಾಪ್‌ಟಾಪ್ ಸಾಕು ಎಂದು ಒಂದು ಪುಟ ಬರೆದು ಕೊಡಿ. ಸಂಜೆ ಏಳರವರೆಗೆ ಕಂಪ್ಯೂಟರ್ ಲ್ಯಾಬ್ ತೆರೆದಿಡಿ. ಮೊದಲ ವರ್ಷ ಲ್ಯಾಪ್‌ಟಾಪ್ ಇಲ್ಲದೆಯೂ ನಡೆಯುತ್ತದೆ ಎಂದು ಗೊತ್ತಾದರೆ ಎಷ್ಟೋ ಅಪ್ಪಂದಿರು ಸಾಲ ಮಾಡುವುದು ತಪ್ಪುತ್ತದೆ.

ಅವತ್ತು ಊಟ ಮುಗಿಸಿ ಅಪ್ಪನಿಗೆ ನಿಜ ಹೇಳಿದೆ. ಎಂಜಿನಿಯರಿಂಗ್‌ಗೆ ಅಷ್ಟು ದೊಡ್ಡದು ಬೇಕಿರಲಿಲ್ಲ, ಗೇಮ್‌ಗಾಗಿ ಕೊಂಡಿದ್ದೆ ಅಂದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ‘ಗೊತ್ತು ಬಿಡು. ರಜಕ್ಕೆ ಬಂದಾಗ ರಾತ್ರಿಯೆಲ್ಲ ಗುಂಡು ಹೊಡೆಯೋ ಸದ್ದು ಕೇಳ್ತಿತ್ತಲ್ಲ’ ಅಂದರು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ತಂಗಿಯನ್ನು ಕೇಳಿದೆ, ನಿನಗೆ ಏನು ಕೆಲಸಕ್ಕೆ ಬೇಕು ಅಂತ. ‘ಬಿ.ಕಾಂ. ಅಲ್ವಾ ಅಣ್ಣ, ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಕ್ಲಾಸು. ದಿನಾ ಬಸ್ಸಲ್ಲಿ ನಿಂತ್ಕೊಂಡೇ ಹೋಗೋದು, ನಿನ್ನ ಆ ಕಲ್ಲುಗುಂಡು ಬೇಡ. ಕರೆಂಟ್ ಹೋದ್ರೂ ಸಂಜೆವರೆಗೆ ನಡೀಬೇಕು’ ಎಂದಳು. ನನಗೆ ಎರಡು ವರ್ಷ ಹಿಡಿದ ಲೆಕ್ಕ ಅವಳಿಗೆ ಅರ್ಧ ನಿಮಿಷದಲ್ಲಿ ಗೊತ್ತಿತ್ತು. 42 ಸಾವಿರಕ್ಕೆ ಒಂದೂವರೆ ಕೆ.ಜಿ.ಯ, 16 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್ ತಂದೆವು. ಕೀಬೋರ್ಡಿನಲ್ಲಿ ಬಣ್ಣದ ಬೆಳಕಿಲ್ಲ. ಈ ಸಲ ಅಟ್ಟದ ಕೊಬ್ಬರಿ ಇನ್ನೂ ಅಟ್ಟದಲ್ಲೇ ಇದೆ, ಬೆಲೆಗೆ ಕಾಯುತ್ತಾ.