ಅಪ್ಪನ ಕೈ, ಬ್ರಶ್ಶಿನ ಮೋಟಾರು

ಅಪ್ಪ ಹುಬ್ಬಳ್ಳಿ ಬಿಟ್ಟು ಪುಣೆಯ ನಮ್ಮ ಮನೆಯಲ್ಲಿ ಇರಲು ಒಪ್ಪಿದ ವರ್ಷ ನನಗೆ ಮೊದಲು ಗಮನಕ್ಕೆ ಬಂದದ್ದು ಅವರ ಅಕ್ಷರ. ಮೂವತ್ತೈದು ವರ್ಷ ಕರಿಹಲಗೆಯ ಮೇಲೆ ದುಂಡಗೆ ಬರೆದ ಮಾಸ್ತರರು ಅವರು. ಕಿರಾಣಿ ಯಾದಿ ಬರೆಯಲು ಕೊಟ್ಟರೆ ‘ತೊಗರಿಬೇಳೆ’ ದೊಡ್ಡದಾಗಿ ಶುರುವಾಗಿ, ‘ಸಕ್ಕರಿ’ಗೆ ಬರುವಷ್ಟರಲ್ಲಿ ಇರುವೆ ಸಾಲಿನಂತಾಗಿರುತ್ತಿತ್ತು. ವೈದ್ಯರು ಪಾರ್ಕಿನ್ಸನ್ ಎಂದರು. ಈ ಕಾಯಿಲೆ ಎಂದರೆ ಕೈ ನಡುಗುವುದು ಎಂದಷ್ಟೇ ನನಗೆ ಗೊತ್ತಿತ್ತು. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದಾಗ ಅದು ತಾನಾಗಿ ಸಣ್ಣದಾಗುತ್ತಾ ಹೋಗಿ ನಿಂತೇಬಿಡುವುದೂ ಅದರ ಲಕ್ಷಣವೇ ಎಂದು ಆಗ ತಿಳಿಯಿತು.

ಹಲ್ಲುಜ್ಜುವುದು ಅಂಥದ್ದೇ ಕೆಲಸ ತಾನೇ? ಮೊದಲ ನಾಲ್ಕು ತಿಕ್ಕು ಸರಿಯಾಗಿ ಬೀಳುತ್ತಿದ್ದವು. ಐದನೆಯದು ಅರ್ಧ, ಆರನೆಯದು ಅದರರ್ಧ. ಆಮೇಲೆ ಬ್ರಶ್ಶು ಬಾಯೊಳಗೆ ಸುಮ್ಮನೆ ನಿಂತಿರುತ್ತಿತ್ತು. ಅಪ್ಪ ಕನ್ನಡಿಯಲ್ಲಿ ಅದನ್ನೇ ನೋಡುತ್ತಾ ನಿಂತಿರುತ್ತಿದ್ದರು. ಒಂದು ದಿನ ನಾನು, “ಅಪ್ಪಾ, ಕೊಡ್ರಿ ಇಲ್ಲೆ, ನಾ ತಿಕ್ಕತೀನಿ” ಅಂದೆ. “ಏ ತಮ್ಮಾ, ಅದೊಂದು ಬ್ಯಾಡ” ಅಂದರು. ಅಷ್ಟೇ. ಮರುದಿನದಿಂದ ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳತೊಡಗಿತು. ಆರು ತಿಂಗಳಲ್ಲಿ ವಸಡು ಊದಿಕೊಂಡಿತು.

ದಂತವೈದ್ಯೆ ಮೋಟಾರಿನ ಬ್ರಶ್ ತನ್ನಿ ಎಂದಾಗ ನಾನು ಮುಖ ಸಿಂಡರಿಸಿದೆ. ಯಂತ್ರಗಳನ್ನು ಬಿಚ್ಚಿ ಕಟ್ಟಿ ಹೊಟ್ಟೆ ಹೊರೆದವನು ನಾನು. ಎರಡು ನಿಮಿಷದ ಕೆಲಸಕ್ಕೆ ಮೋಟಾರು, ಬ್ಯಾಟರಿ, ಚಾರ್ಜರ್ ಎಲ್ಲಾ ಯಾಕೆ, ಇದು ವಿಮಾನ ನಿಲ್ದಾಣದ ಅಂಗಡಿಯ ಷೋಕಿ ಎಂಬುದು ನನ್ನ ಅಭಿಪ್ರಾಯವಾಗಿತ್ತು. ನಿಮ್ಮಲ್ಲೂ ಹಲವರದು ಅದೇ ಇರಬಹುದು. ಅದರ ಇತಿಹಾಸ ಓದಿದ ಮೇಲೆ ಆ ಅಭಿಪ್ರಾಯ ಉಳಿಯಲಿಲ್ಲ. 1954ರಲ್ಲಿ ಸ್ವಿಟ್ಜರ್ಲೆಂಡಿನ ಫಿಲಿಪ್-ಗೀ ವೂಗ್ ರೂಪಿಸಿದ ಬ್ರಾಕ್ಸೋಡೆಂಟ್ ಎಂಬ ವಿದ್ಯುತ್ ಬ್ರಶ್ಶು ಮೊದಲಿಗೆ ಉದ್ದೇಶಿತವಾಗಿದ್ದೇ ಕೈ ಸ್ವಾಧೀನ ತಪ್ಪಿದವರಿಗೆ ಮತ್ತು ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿಗೆ. ಗೋಡೆಯ ಪ್ಲಗ್ಗಿಗೆ ವೈರ್ ಜೋಡಿಸಿಯೇ ಬಾಯಿಗಿಡಬೇಕಿತ್ತು. ಬಚ್ಚಲಲ್ಲಿ, ಒದ್ದೆ ಕೈಯಲ್ಲಿ! 1960ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಚಾರ್ಜ್ ಮಾಡಿಕೊಳ್ಳಬಹುದಾದ, ವೈರಿಲ್ಲದ ಬ್ರಶ್ ತಂದಿತು. ಆರೋಗ್ಯವಂತರ ಕೈಗೆ ಅದು ಷೋಕಿಯಾಗಿ ಬಂದದ್ದು ಆಮೇಲಿನ ಕಥೆ.

ಈಗ ಪೇಟೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರದು ಗುಂಡು ತಲೆ. ಅದು ಪೂರ್ತಿ ಸುತ್ತುವುದಿಲ್ಲ, ಅಷ್ಟು ಎಡಕ್ಕೆ ಅಷ್ಟು ಬಲಕ್ಕೆ ಹೊರಳುತ್ತದೆ. ಒಳಗಿನ ಮೋಟಾರು ಮಾತ್ರ ಒಂದೇ ದಿಕ್ಕಿಗೆ ತಿರುಗುತ್ತಿರುತ್ತದೆ. ನಮ್ಮ ಅವ್ವಂದಿರ ಹೊಲಿಗೆ ಯಂತ್ರ ನೆನಪಿಸಿಕೊಳ್ಳಿ. ಕಾಲಿನ ಹಲಗೆ ಹಿಂದೆ ಮುಂದೆ ಆಡಿದರೆ ಚಕ್ರ ಸುತ್ತುತ್ತಿತ್ತಲ್ಲ, ಇಲ್ಲಿ ಅದರ ತಿರುಗುಮುರುಗು. ಗಾಲಿಯ ನಡುಬಿಂದುವಿನಿಂದ ತುಸು ಪಕ್ಕಕ್ಕೆ ಕೂರಿಸಿದ ಒಂದು ಪಿನ್ನು ಸುತ್ತಾಟವನ್ನು ಹೊರಳಾಟವಾಗಿ ಬದಲಿಸುತ್ತದೆ.

ಇನ್ನೊಂದು ಜಾತಿಗೆ ಸೋನಿಕ್ ಎಂಬ ಹೆಸರು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರ ಕೆಲಸದಿಂದ ಹುಟ್ಟಿ 1990ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಸೋನಿಕೇರ್ ಇದಕ್ಕೆ ಹೆಸರಾಂತ ಉದಾಹರಣೆ. ಅದರಲ್ಲಿ ಸುತ್ತುವ ಮೋಟಾರೇ ಇಲ್ಲ. ಒಂದು ವಿದ್ಯುತ್ಕಾಂತ, ಒಂದೆರಡು ಪುಟ್ಟ ಅಯಸ್ಕಾಂತ, ಒಂದು ಸ್ಪ್ರಿಂಗು. ಪಂಚಮಿ ಜೋಕಾಲಿ ಜೀಕಿದವರಿಗೆ ಇದರ ಗುಟ್ಟು ಹೇಳಿಕೊಡಬೇಕಿಲ್ಲ. ಜೋಕಾಲಿ ಹಿಂದೆ ಬಂದು ಮುಂದೆ ಹೊರಡುವ ಆ ಕ್ಷಣಕ್ಕೆ ಸರಿಯಾಗಿ ಬೆರಳ ತುದಿಯಿಂದ ತಳ್ಳಿದರೂ ಅದು ಮುಗಿಲಿಗೇರುತ್ತದೆ. ಕಾಂತಕ್ಕೆ ವಿದ್ಯುತ್ತು ಹರಿಸುವ ಲಯವನ್ನು ಸ್ಪ್ರಿಂಗಿನ ಸ್ವಂತ ಲಯಕ್ಕೆ ಹೊಂದಿಸಿಬಿಟ್ಟರೆ ಸಣ್ಣ ಬ್ಯಾಟರಿಯೇ ನಿಮಿಷಕ್ಕೆ ಸುಮಾರು 31,000 ತಿಕ್ಕು ಕೊಡುತ್ತದೆ. ಹೋಗಿದ್ದು ಒಂದು, ಬಂದಿದ್ದು ಒಂದು ಎಂದು ಲೆಕ್ಕ ಹಿಡಿದರೆ ಸೆಕೆಂಡಿಗೆ ಸುಮಾರು 260 ಕಂಪನ. ಹಾರ್ಮೋನಿಯಂ ಬಲ್ಲವರಿಗೆ ಬೇರೆ ರೀತಿ ಹೇಳುತ್ತೇನೆ: ಮಧ್ಯ ಸಪ್ತಕದ ಬಿಳಿ ಒಂದರ ಹತ್ತಿರ ಹತ್ತಿರ. ಗಟ್ಟಿಯಾಗಿ ಒತ್ತಿದರೆ ಜೋಕಾಲಿಯ ಹಗ್ಗ ಹಿಡಿದಂತೆ, ಅಲುಗಾಟ ಕುಗ್ಗುತ್ತದೆ. ಬರೀ ತಾಗಿಸಿ ಹಿಡಿದರೆ ಸಾಕು.

ಅಪ್ಪನಿಗೆ ನಾನು ತಂದದ್ದು ಈ ಎರಡನೇ ಜಾತಿಯದು. ಮೊದಲ ದಿನ ಬಾಯಿಗಿಡುವ ಮೊದಲೇ ಸ್ವಿಚ್ ಒತ್ತಿದರು. ಕನ್ನಡಿ, ಕನ್ನಡಕ, ಬನಿಯನ್ನು ಎಲ್ಲದರ ಮೇಲೂ ಪೇಸ್ಟು. “ಬಾಯಾಗ ದುಂಬಿ ಹೊಕ್ಕಂಗ ಆತಲ್ಲೋ!” ಎಂದು ನಕ್ಕರು. ಎಷ್ಟೋ ತಿಂಗಳ ಮೇಲೆ ಬಚ್ಚಲಿನಿಂದ ನಗು ಕೇಳಿಸಿತ್ತು.

ಅವತ್ತು ನನಗೆ ಈ ಯಂತ್ರ ಮಾಡುವುದೇನೆಂದು ಸರಿಯಾಗಿ ಕಂಡಿತು. ಹಲ್ಲುಜ್ಜುವುದರಲ್ಲಿ ಎರಡು ಕೆಲಸವಿದೆ. ಒಂದು, ಅದೇ ಅದೇ ತಿಕ್ಕು. ಎರಡು, ಒಂದು ಹಲ್ಲಿನಿಂದ ಪಕ್ಕದ ಹಲ್ಲಿಗೆ ಸರಿಯುವುದು. ಅಪ್ಪನ ಕೈ ಸೋತದ್ದು ಮೊದಲನೆಯದರಲ್ಲಿ. ಯಂತ್ರ ಅದನ್ನಷ್ಟೇ ವಹಿಸಿಕೊಂಡಿತು. ನಿಧಾನಕ್ಕೆ ಸರಿಯುವುದು ಅವರಿಗೆ ಇನ್ನೂ ಬರುತ್ತಿತ್ತು, ಅದು ಅವರಿಗೇ ಉಳಿಯಿತು. ಹಿಡಿಯೊಳಗೆ ಬ್ಯಾಟರಿ ಇರಲೇಬೇಕಾದ್ದರಿಂದ ಅದು ದಪ್ಪ. ಅದೂ ಉಪಕಾರವೇ ಆಯಿತು, ಬಿಗಿಯಾದ ಬೆರಳಿಗೆ ತೆಳು ಕಡ್ಡಿಗಿಂತ ದಪ್ಪ ಹಿಡಿ ಸಲೀಸು. ಮೇಲಿಂದ ನಾನು ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ತೊಡಿಸಿದೆ.

ಎಲ್ಲರೂ ಇದನ್ನೇ ಕೊಳ್ಳಬೇಕೇ? ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2014ರಲ್ಲಿ 56 ಪ್ರಯೋಗಗಳನ್ನು ಪರಿಶೀಲಿಸಿತು. ದಂತವೈದ್ಯರು ಪ್ಲಾಕ್ ಎನ್ನುವ ಅಂಟು ಪೊರೆ, ಕೈ ಬ್ರಶ್ಶಿಗೆ ಹೋಲಿಸಿದರೆ ಮೂರು ತಿಂಗಳವರೆಗಿನ ಬಳಕೆಯಲ್ಲಿ ಶೇ. 11ರಷ್ಟು, ಅದಕ್ಕೂ ಹೆಚ್ಚು ಕಾಲ ಬಳಸಿದರೆ ಶೇ. 21ರಷ್ಟು ಕಡಿಮೆ ಕಂಡಿತ್ತು. ವಸಡಿನ ಉರಿಯೂತ ಕ್ರಮವಾಗಿ ಶೇ. 6 ಮತ್ತು ಶೇ. 11ರಷ್ಟು ಕಡಿಮೆ. ಕೊನೆಗೆ ಹಲ್ಲಿನ ಆರೋಗ್ಯಕ್ಕೆ ಇದರಿಂದ ಎಷ್ಟು ಲಾಭ ಎಂಬುದು ಸ್ಪಷ್ಟವಿಲ್ಲ ಎಂದೂ ಅದೇ ವರದಿ ಹೇಳಿದೆ. ಕೈ ನೆಟ್ಟಗಿರುವವರು, ತಾಳ್ಮೆ ಇರುವವರು ನಿಮ್ಮ ಹಳೆಯ ಬ್ರಶ್ಶಿನಲ್ಲೇ ಸುಖವಾಗಿರಿ. ನಾನೂ ಹಾಗೇ ಇದ್ದೇನೆ.

ಇನ್ನು ನನ್ನ ತಕರಾರು. ನಮ್ಮ ಬ್ರಶ್ಶಿಗೆ ಇದ್ದದ್ದು ಒಂದೇ ಗುಂಡಿ. ಒತ್ತಿದರೆ ಶುರು. ಮತ್ತೊಮ್ಮೆ ಒತ್ತಿದರೆ ನಿಲ್ಲುವುದಿಲ್ಲ, ‘ಬಿಳುಪು’. ಮತ್ತೆ ಒತ್ತಿದರೆ ‘ವಸಡು’. ಹೀಗೆ ಐದು ನಿಲ್ದಾಣ ದಾಟಿದರೆ ಆರನೆಯದಕ್ಕೆ ಬಂದ್. ಅಪ್ಪನಿಗೆ ಅದು ಆರು ಬೇರೆ ಬೇರೆ ಕಸರತ್ತು. ಮೂವತ್ತು ಸೆಕೆಂಡಿಗೊಮ್ಮೆ ಬ್ರಶ್ಶು ಅರೆಕ್ಷಣ ತಡೆದು ಮುಂದುವರಿಯುತ್ತದೆ. ಬಾಯಿಯ ಒಂದು ಕಾಲುಭಾಗ ಆಯಿತು, ಮುಂದಕ್ಕೆ ಹೋಗಿ ಎಂಬ ಸೂಚನೆ ಅದು. ಅಪ್ಪ ಆ ತಡೆ ಬಂದ ಕೂಡಲೇ ಹೊರಗೆ ತೆಗೆದುಬಿಡುತ್ತಿದ್ದರು. “ನಿಂತಿತಲ್ಲಪಾ, ಮುಗೀತು ಅನ್ಕೊಂಡೆ.” ಮೂರು ವಾರ ಅವರು ಬಲಗಡೆ ಮೇಲಿನ ಸಾಲನ್ನು ಮಾತ್ರ ಉಜ್ಜಿದ್ದರು!

ಮೂರನೇ ವರ್ಷ ಬ್ಯಾಟರಿ ಸತ್ತಿತು. ಎರಡು ಹೊತ್ತಿಗೆ ಸಾಲುತ್ತಿದ್ದ ಚಾರ್ಜು ಒಂದು ಹೊತ್ತಿಗೂ ಸಾಲದಾಯಿತು. ಬುಧವಾರ ಪೇಟೆಯ ತಪಕೀರ ಗಲ್ಲಿಗೆ ಒಯ್ದೆ. ಅಲ್ಲಿಯ ಹುಡುಗ ತಿರುಗಿಸಿ ನೋಡಿ, ಬಿಚ್ಚಿದರೆ ನೀರು ನುಗ್ಗುತ್ತದೆ, ಜವಾಬ್ದಾರಿ ನಿಮ್ಮದು ಎಂದು ವಾಪಸು ಕೊಟ್ಟ. ಅವನದು ತಪ್ಪಲ್ಲ. ಈ ಬ್ರಶ್ಶಿನ ಜಾಣತನವೇ ಅದಕ್ಕೆ ಬಾಗಿಲಿಲ್ಲದಿರುವುದು. ಚಾರ್ಜ್ ಆಗಲು ಲೋಹದ ತುದಿಗಳು ಹೊರಗಿಲ್ಲ. ಕಾಲುಮಣೆಯೊಳಗೆ ಒಂದು ತಾಮ್ರದ ಸುರುಳಿ, ಹಿಡಿಯ ತಳದಲ್ಲಿ ಇನ್ನೊಂದು; ನಮ್ಮೂರ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರನ್ನು ಎರಡು ಹೋಳು ಮಾಡಿ ನಡುವೆ ಪ್ಲಾಸ್ಟಿಕ್ ಇಟ್ಟಂತೆ. ವಿದ್ಯುತ್ತು ಮುಟ್ಟದೆಯೇ ದಾಟುತ್ತದೆ. ಈ ದಾರಿಯಲ್ಲಿ ಬರುವುದು ತೊಟ್ಟು ತೊಟ್ಟಾಗಿ, ಆದ್ದರಿಂದಲೇ ರಾತ್ರಿಯಿಡೀ ಚಾರ್ಜು. ಆದರೆ ಒದ್ದೆ ಕೈಗೆ ಅಪಾಯವಿಲ್ಲ. 1954ರ ಆ ಪ್ಲಗ್ಗಿನ ಭಯಕ್ಕೆ ಸಿಕ್ಕ ಉತ್ತರ ಇದು, ಮತ್ತು ಒಳ್ಳೆಯ ಉತ್ತರ. ಅದೇ ಬಿಗಿ ಮುಚ್ಚಳದೊಳಗೆ ಬ್ಯಾಟರಿಯನ್ನೂ ಬೆಸುಗೆ ಹಾಕಿ ಕೂರಿಸಿ, ಅದು ಸತ್ತ ದಿನ ಇಡೀ ಬ್ರಶ್ಶನ್ನೇ ಬಿಸಾಡಿ ಎನ್ನುವುದಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. 2027ರಿಂದ ಯುರೋಪಿನಲ್ಲಿ ಇಂಥ ಸಾಧನಗಳ ಬ್ಯಾಟರಿ ಬಳಸುವವರೇ ಬದಲಿಸುವಂತಿರಬೇಕು ಎಂಬ ನಿಯಮ ಬರಲಿದೆ. ನೀರಿನಲ್ಲೇ ಬಳಸಿ ತೊಳೆಯುವ ಉಪಕರಣಗಳಿಗೆ ಅದರಲ್ಲೂ ಸಡಿಲಿಕೆ ಉಂಟು. ರಿಪೇರಿಯವರ ಕೈಲಿ ಆಗುವಂತಿದ್ದರೂ ಸಾಕು. ತಪಕೀರ ಗಲ್ಲಿಯ ಹುಡುಗನಿಗೆ ಅಷ್ಟಾದರೂ ಸಿಕ್ಕರೆ ನಾನು ಬೇಡ ಅನ್ನುವುದಿಲ್ಲ.

ನಾನೇ ಬಿಚ್ಚಿದೆ. ಒಳಗೆ ಟಾರ್ಚಿನ ಸೆಲ್ಲಿನಷ್ಟೇ ದಪ್ಪದ ಒಂದೇ ಒಂದು ಬ್ಯಾಟರಿ. ಕಡ್ಡಿ ಹೊರಬರುವ ಕಡೆ ರಬ್ಬರಿನ ಸುತ್ತ ಒಣಗಿದ ಪೇಸ್ಟಿನ ಬಿಳಿ ಗರ. ಹೊಸ ಬ್ಯಾಟರಿ ಬೆಸೆದೆ, ಅಂಟು ಹಾಕಿ ಮುಚ್ಚಿದೆ. ಎರಡು ತಿಂಗಳು ನಡೆಯಿತು. ಆಮೇಲೆ ಒಳಗೆ ನೀರು ಹೋಗಿ ನಿಂತಿತು. ಇಷ್ಟು ವರ್ಷದ ಅನುಭವವೂ ಅಂಟಿನ ಮುಂದೆ ಸೋತಿತು.

ಈಗ ಅಪ್ಪನ ಹತ್ತಿರ ಇರುವುದು ಅಗ್ಗದ, ಮಾಮೂಲಿ ಪೆನ್‌ಸೆಲ್ ಹಾಕುವ ಗುಂಡು ತಲೆಯ ಬ್ರಶ್ಶು. ಈ ಅಗ್ಗದ ಜಾತಿಯನ್ನು ಜನಪ್ರಿಯ ಮಾಡಿದವನು ಅಮೆರಿಕದ ಜಾನ್ ಆಶರ್. ಕೋಲಿನ ಮೇಲೆ ತಿರುಗುವ ಮಿಠಾಯಿ ಮಾರಿದ್ದ ಆತ ಅದೇ ಪುಟ್ಟ ಮೋಟಾರಿನ ಉಪಾಯವನ್ನು ಐದು ಡಾಲರಿನ ಸ್ಪಿನ್‌ಬ್ರಶ್ಶಿಗೆ ಹಾಕಿದ. 2001ರಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಅದನ್ನು ಕೊಂಡುಕೊಂಡಿತು. ದೋಷವಿಲ್ಲದ್ದೇನಲ್ಲ. ಬ್ರಶ್ಶಿನ ತಲೆ ಬಾಯೊಳಗೇ ಕಳಚಿಕೊಂಡ ದೂರುಗಳ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಸ್ಪಿನ್‌ಬ್ರಶ್ ಕುರಿತು ಎಚ್ಚರಿಕೆ ಕೊಟ್ಟಿತ್ತು. ಹಾಗಾಗಿ ಅಪ್ಪನ ಬ್ರಶ್ಶಿನ ತಲೆಯನ್ನು ದಿನಾ ರಾತ್ರಿ ನಾನು ಒಮ್ಮೆ ಎಳೆದು ನೋಡುತ್ತೇನೆ. ಸೆಲ್ ಇಳಿದಂತೆ ವೇಗವೂ ಇಳಿಯುತ್ತದೆ. ಸೋನಿಕ್ಕಿನ ಆ ಬಿಳಿ ಒಂದರ ಸ್ವರ ಇಲ್ಲ, ಬರೀ ಗರಗರ. ಆದರೆ ಸ್ವಿಚ್ಚು ಮೇಲೆ ತಳ್ಳಿದರೆ ಚಾಲು, ಕೆಳಗೆ ಎಳೆದರೆ ಬಂದ್. ತಳದ ಮುಚ್ಚಳ ತಿರುವಿದರೆ ಕಳಚುತ್ತದೆ.

ಮೊನ್ನೆ ಗರಗರ ಸಣ್ಣಗಾದದ್ದು ಕೇಳಿ ಹೊಸ ಸೆಲ್ ಹಿಡಿದು ಬಾಗಿಲು ಬಡಿದೆ. ಚಿಲಕ ತೆಗೆದು ಕೈ ಮಾತ್ರ ಹೊರಗೆ ಚಾಚಿದರು. “ಇಲ್ಲೆ ಕೊಡು. ನೀ ಹುಟ್ಟೂಕಿಂತ ಮೊದ್ಲಿಂದ ನಾ ಬ್ಯಾಟ್ರಿಗೆ ಸೆಲ್ ಹಾಕಾಕತ್ತೀನಿ.” ಬಾಗಿಲು ಮುಚ್ಚಿತು. ಸೆಲ್ಲು ಎರಡು ಸಲ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ನಾನು ಹೊರಗೇ ನಿಂತಿದ್ದೆ. ಮುಚ್ಚಳ ತಿರುವಿದ ಸದ್ದು. ಆಮೇಲೆ ಗರಗರ ಶುರುವಾಯಿತು.